ಅರ್ಧ ಐರನ್‌ಮ್ಯಾನ್‌ಗೆ ಸಿದ್ಧರಾಗುವುದು: ಹುರುಪಿನ ವಾರಗಳನ್ನೂ ಕುಗ್ಗಿದ ವಾರಗಳನ್ನೂ ನಿಭಾಯಿಸುವ ಬಗೆ

ಉದ್ಯೋಗ, ಮನೆ, ಮಕ್ಕಳ ಶಾಲೆ ಎಲ್ಲವನ್ನೂ ತೂಗಿಸಿಕೊಂಡು, ಈಜು, ಸೈಕ್ಲಿಂಗ್, ಓಟ ಮೂರೂ ಸೇರಿದ ಟ್ರಯಥ್ಲಾನ್‌ಗೆ ತಯಾರಾಗುವವರಲ್ಲಿ ಎಷ್ಟೋ ಮಂದಿ ನಡುದಾರಿಯಲ್ಲಿ ಗಾಯಗೊಂಡು ನಿಲ್ಲುತ್ತಾರೆ. ಅಂಥ ಗಾಯದ ಹಿಂದಿನ ದಿನಚರಿಯನ್ನು ತೆರೆದು ನೋಡಿದರೆ ಅಲ್ಲಿ ಸಾಮಾನ್ಯವಾಗಿ ಕಾಣುವುದು ತುಂಬ ಚೆನ್ನಾಗಿ ಸಾಗಿದ ಎರಡು ಮೂರು ವಾರಗಳು. ಮೈ ಹಗುರಾಗಿದೆ, ಏರಿನಲ್ಲೂ ಉಸಿರು ಕಟ್ಟುತ್ತಿಲ್ಲ ಎಂಬ ಹುರುಪಿನಲ್ಲಿ ವಾರದ ಓಟವನ್ನು ಒಮ್ಮೆಲೇ ಏರಿಸಿಬಿಡುತ್ತೇವೆ. ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಮೂಳೆಗಳೂ ಸ್ನಾಯುರಜ್ಜುಗಳೂ ಅದೇ ಹೊರೆಗೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಉಸಿರು ‘ಇನ್ನೂ ಓಡಬಹುದು’ ಎನ್ನುವಾಗ ಮೊಣಕಾಲಿನ ಕೆಳಗಿನ ಎಲುಬು ಅದಕ್ಕೆ ಸಿದ್ಧವಾಗಿರುವುದಿಲ್ಲ. ಆದ್ದರಿಂದ ಕುಗ್ಗಿದ ದಿನಗಳನ್ನು ದಾಟುವ ಕ್ರಮವನ್ನು ಕಲಿಯುವಷ್ಟೇ ಶ್ರದ್ಧೆಯಿಂದ ಹುರುಪಿನ ದಿನಗಳನ್ನು ಹಿಡಿತದಲ್ಲಿಡುವ ಕ್ರಮವನ್ನೂ ಕಲಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಸಲಹೆಗಳೆಲ್ಲ ಇದೇ ಆಧಾರದ ಮೇಲೆ ನಿಂತಿವೆ.

ಗುರಿಯನ್ನು ಅಂಕಿಗಳಲ್ಲಿ ನೋಡುವುದು

ಈಜು, ಸೈಕ್ಲಿಂಗ್, ಓಟ ಮೂರನ್ನೂ ಒಂದರ ಹಿಂದೊಂದರಂತೆ ಮಾಡುವ ಈ ಸ್ಪರ್ಧೆ 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಆರಂಭವಾಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಪದಕದ ಕ್ರೀಡೆಯಾಯಿತು. ಸ್ಪ್ರಿಂಟ್ ಎಂಬ ಚಿಕ್ಕ ಸ್ಪರ್ಧೆಯಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟವಿದ್ದರೆ ಒಲಿಂಪಿಕ್ ದೂರದಲ್ಲಿ ಇವೆಲ್ಲ ಇಮ್ಮಡಿಯಾಗುತ್ತವೆ. ಐರನ್‌ಮ್ಯಾನ್ ಎಂಬ ಉದ್ದನೆಯ ಟ್ರಯಥ್ಲಾನ್‌ನ ಅರ್ಧ ದೂರವಾದ ಅರ್ಧ ಐರನ್‌ಮ್ಯಾನ್ ಎಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಇವುಗಳ ಮೊತ್ತ ಮೈಲಿಗಳಲ್ಲಿ 70.3 ಆಗುವುದರಿಂದ ಅದಕ್ಕೆ ‘70.3’ ಎಂಬ ಹೆಸರೂ ಇದೆ. ಕರ್ನಾಟಕದ ಹವ್ಯಾಸಿಗಳಿಗೆ ಹತ್ತಿರದ ಅಂಥ ದೊಡ್ಡ ಸ್ಪರ್ಧೆ 2019ರಲ್ಲಿ ಮೊದಲ ಬಾರಿಗೆ ನಡೆದ ಗೋವಾದ 70.3. ಪಣಜಿಯ ಮಿರಾಮಾರ್ ಕಡಲತೀರದಲ್ಲಿ, ಸಾಮಾನ್ಯವಾಗಿ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಅದು ನಡೆಯುತ್ತದೆ. ಈ ಬರಹ ಆ ಸ್ಪರ್ಧೆಯನ್ನು ಕಣ್ಣಮುಂದೆ ಇಟ್ಟುಕೊಂಡ, ಬೆಂಗಳೂರಿನಂಥ ಊರಿನಲ್ಲಿ ದುಡಿಯುವ ಹೊಸಬರಿಗಾಗಿ.

ಅರ್ಧ ದೂರದ ಸ್ಪರ್ಧೆಗಳಲ್ಲಿ ಈಜನ್ನು 1 ಗಂಟೆ 10 ನಿಮಿಷದೊಳಗೆ, ಇಡೀ ಸ್ಪರ್ಧೆಯನ್ನು 8 ಗಂಟೆ 30 ನಿಮಿಷದೊಳಗೆ ಮುಗಿಸಬೇಕೆಂಬುದು ರೂಢಿಯ ಗಡುವು. ನಿಮ್ಮ ವರ್ಷದ ನಿಯಮವನ್ನು ಆಯೋಜಕರ ಕೈಪಿಡಿಯಲ್ಲಿ ತಪ್ಪದೆ ನೋಡಿಕೊಳ್ಳಿ. ಈಗ ಲೆಕ್ಕ ಹಾಕೋಣ. ನೂರು ಮೀಟರ್‌ಗೆ 3 ನಿಮಿಷದಂತೆ ಈಜಿದರೆ 57 ನಿಮಿಷ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೈಕಲ್ ತುಳಿದರೆ 3 ಗಂಟೆ 36 ನಿಮಿಷ. ಕಿಲೋಮೀಟರಿಗೆ ಏಳೂವರೆ ನಿಮಿಷದಂತೆ ಓಡಿದರೆ ಸುಮಾರು 2 ಗಂಟೆ 38 ನಿಮಿಷ. ಬಟ್ಟೆ, ಬೂಟು, ಸೈಕಲ್ ಬದಲಾಯಿಸುವುದಕ್ಕೆ ಒಟ್ಟು ಕಾಲು ಗಂಟೆ ಹಿಡಿದರೂ ಏಳೂವರೆ ಗಂಟೆಯೊಳಗೆ ಮುಗಿಯುತ್ತದೆ, ಗಡುವಿಗೆ ಇನ್ನೂ ಒಂದು ಗಂಟೆ ಉಳಿದಿರುತ್ತದೆ. ಈ ವೇಗಗಳಲ್ಲಿ ಯಾವುದೂ ಅಸಾಧಾರಣವಲ್ಲ. ಇಷ್ಟನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಇತರರ ವೇಗವನ್ನು ಕಂಡು ಗಾಬರಿಗೊಂಡು ಪ್ರತಿ ಅಭ್ಯಾಸವನ್ನೂ ಸ್ಪರ್ಧೆಯನ್ನಾಗಿ ಮಾಡುವ ಚಟ ಬಹುಪಾಲು ತಪ್ಪುತ್ತದೆ.

ಆರಂಭಕ್ಕೆ ಮೊದಲು

ವಯಸ್ಸು 35 ದಾಟಿದ್ದರೆ, ಮನೆಯಲ್ಲಿ ಹೃದ್ರೋಗದ ಹಿನ್ನೆಲೆ ಇದ್ದರೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದ್ದರೆ, ಶ್ರಮಪಟ್ಟಾಗ ಎದೆನೋವೋ ತಲೆಸುತ್ತೋ ಎಂದಾದರೂ ಬಂದಿದ್ದರೆ ಮೊದಲು ವೈದ್ಯರನ್ನು ಕಂಡು ಹೃದಯದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದರಲ್ಲಿ ರಿಯಾಯಿತಿ ಬೇಡ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ ಎಷ್ಟಿವೆಯೆಂದು ನೋಡಿಸಿಕೊಳ್ಳುವುದು ಒಳ್ಳೆಯದು. ಸಸ್ಯಾಹಾರಿಗಳಲ್ಲಿ ಬಿ12, ಹೆಂಗಸರಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವುದು ನಮ್ಮಲ್ಲಿ ಸಾಮಾನ್ಯ. ಕಾರಣ ತಿಳಿಯದ ಸುಸ್ತನ್ನು ‘ಮನಸ್ಸಿನ ದೌರ್ಬಲ್ಯ’ ಎಂದುಕೊಂಡು ತಿಂಗಳುಗಟ್ಟಲೆ ಒದ್ದಾಡಿದವರಲ್ಲಿ ಕೊನೆಗೆ ರಕ್ತಪರೀಕ್ಷೆಯಲ್ಲಿ ಕಾರಣ ಸಿಕ್ಕವರು ಬಹಳ ಮಂದಿ.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಗೇರಿನ ಸಾಧಾರಣ ರೋಡ್ ಬೈಕ್ ಅಥವಾ ಹೈಬ್ರಿಡ್ ಸೈಕಲ್, ಹೆಲ್ಮೆಟ್, ಕಾಲಿಗೆ ಒಗ್ಗುವ ಓಟದ ಬೂಟು, ಸೋರದ ಈಜುಕನ್ನಡಕ ಇದ್ದರೆ ಸಾಕು. ಆದರೆ ಸೀಟಿನ ಎತ್ತರ, ಹ್ಯಾಂಡಲ್‌ನ ದೂರ ನಿಮ್ಮ ಮೈಗೆ ಹೊಂದುವಂತೆ ಬಲ್ಲವರಿಂದ ಸರಿಪಡಿಸಿಕೊಳ್ಳುವುದಕ್ಕೆ ದುಡ್ಡು ಖರ್ಚುಮಾಡಿ. ದುಬಾರಿ ಚಕ್ರಗಳಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸೀಟು ತೀರ ಕೆಳಗಿದ್ದರೆ ಮೊಣಕಾಲಿನ ಮುಂಭಾಗವೂ ತೀರ ಮೇಲಿದ್ದರೆ ಹಿಂಭಾಗವೂ ನೋಯಲು ಆರಂಭಿಸುತ್ತವೆ. ಎಷ್ಟೋ ಜನ ಅದನ್ನು ಓಟದ ನೋವೆಂದು ತಿಳಿದು ಬೂಟು ಬದಲಾಯಿಸುತ್ತಾ ಹೋಗುತ್ತಾರೆ.

ವಾರಗಳ ಲೆಕ್ಕ

ಅರ್ಧ ಗಂಟೆ ನಿಲ್ಲದೆ ಓಡಬಲ್ಲ, ಈಜುಕೊಳದ ಎರಡು ಬದಿ ಮುಟ್ಟಬಲ್ಲ ಒಬ್ಬರಿಗೆ 24 ವಾರಗಳ ಸಿದ್ಧತೆ ಸರಿಯಾದ ಅವಧಿ. ಈಜೇ ಬಾರದವರು ಇನ್ನೂ ಮೂರು ತಿಂಗಳು ಮೊದಲೇ ಕೊಳಕ್ಕೆ ಇಳಿಯಬೇಕು. ಮೊದಲ ವಾರಗಳಲ್ಲಿ ಒಟ್ಟು ಆರು ಗಂಟೆಯ ಅಭ್ಯಾಸ ಸಾಕು, ಅತಿ ಹೆಚ್ಚಿನ ವಾರಗಳಲ್ಲಿ ಅದು ಹತ್ತರಿಂದ ಹನ್ನೊಂದು ಗಂಟೆಗೆ ಹೋಗುತ್ತದೆ. ಎರಡು ಅಥವಾ ಮೂರು ಈಜು, ಮೂರು ಸೈಕ್ಲಿಂಗ್, ಮೂರು ಓಟ, ಸೊಂಟ–ತೊಡೆ–ಭುಜಗಳಿಗೆ ಎರಡು ಚಿಕ್ಕ ಶಕ್ತಿ ವ್ಯಾಯಾಮ, ಒಂದು ಪೂರ್ಣ ವಿಶ್ರಾಂತಿಯ ದಿನ ಎಂಬುದು ವಾರದ ಚೌಕಟ್ಟು. ಶನಿವಾರ ಉದ್ದ ಸೈಕ್ಲಿಂಗ್, ಭಾನುವಾರ ಉದ್ದ ಓಟ, ಸೋಮವಾರ ವಿಶ್ರಾಂತಿ ಎಂದಿಟ್ಟುಕೊಂಡರೆ ಕಚೇರಿಯ ದಿನಗಳಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಅಭ್ಯಾಸಗಳು ಮಾತ್ರ ಉಳಿಯುತ್ತವೆ.

ಮೂರು ವಾರ ನಿಧಾನವಾಗಿ ಏರಿಸಿ ನಾಲ್ಕನೆಯ ವಾರ ಮೂರನೆಯ ಒಂದು ಭಾಗದಷ್ಟು ಇಳಿಸುವ ಪದ್ಧತಿಯನ್ನು ಬಹುತೇಕ ಕೋಚ್‌ಗಳು ಅನುಸರಿಸುತ್ತಾರೆ. ಹುರುಪಿನ ದಿನಗಳನ್ನು ಹಿಡಿತದಲ್ಲಿಡುವ ಮುಖ್ಯ ಸಾಧನವೇ ಈ ಇಳಿಕೆಯ ವಾರ. ‘ಈ ಸಲ ದಣಿವೇ ಆಗಿಲ್ಲ, ಹಾಗಾಗಿ ಇಳಿಸುವುದಿಲ್ಲ’ ಎಂದು ಯಾರು ಅದನ್ನು ಬಿಟ್ಟುಬಿಡುತ್ತಾರೋ ಅವರಿಗೆ ಐದನೆಯ ಅಥವಾ ಆರನೆಯ ವಾರದಲ್ಲಿ ದೇಹವೇ ಬಲವಂತದ ಇಳಿಕೆ ಕೊಡುತ್ತದೆ. ಅಭ್ಯಾಸ ಸ್ನಾಯುವನ್ನು ದಣಿಸುತ್ತದೆ, ಬಲ ಬರುವುದು ನಿದ್ದೆಯಲ್ಲಿ ಮತ್ತು ಬಿಡುವಿನಲ್ಲಿ. ಓಟದ ವಿಷಯದಲ್ಲಿ ವಾರಕ್ಕೆ ಹತ್ತು ಶೇಕಡಾಕ್ಕಿಂತ ಹೆಚ್ಚು ಏರಿಸಬಾರದೆಂಬ ಮಾತನ್ನು ಕಟ್ಟುನಿಟ್ಟಿನ ವಿಜ್ಞಾನವೆಂದು ತಿಳಿಯಬೇಕಾಗಿಲ್ಲ. ಆದರೂ ಹುರುಪು ಬಂದಾಗ ಕೈಹಿಡಿದು ನಿಲ್ಲಿಸುವ ಒಂದು ಗೆರೆಯಾಗಿ ಅದು ಉಪಯುಕ್ತವೇ. ಏರಿಸಲೇಬೇಕೆಂಬ ಆಸೆಯಿದ್ದರೆ ಸೈಕಲ್ ಮೇಲಿನ ಅಥವಾ ನೀರಿನಲ್ಲಿನ ಸಮಯವನ್ನು ಏರಿಸಿ, ಅಲ್ಲಿ ಮೂಳೆಗಳ ಮೇಲೆ ಬೀಳುವ ಪೆಟ್ಟು ಕಡಿಮೆ.

ಒಟ್ಟು ಸಮಯದ ಸುಮಾರು ಐದರಲ್ಲಿ ನಾಲ್ಕು ಪಾಲು ನಿರಾಯಾಸ ವೇಗದಲ್ಲಿರಲಿ. ಓಡುತ್ತಲೇ ಪಕ್ಕದವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾದರೆ ಅದು ನಿರಾಯಾಸ ವೇಗ. ಮೂರು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಅಲ್ಲ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಹಿಂದಿನಿಂದ ಯಾರೋ ದಾಟಿಹೋದಾಗ ಕಾಲು ತಾನಾಗಿ ಜೋರಾಗುವುದನ್ನು ತಡೆಯುವುದು ಹೊಸಬರ ಮೊದಲ ಕಠಿಣ ಪರೀಕ್ಷೆ. ನಿಧಾನವಾಗಿ ಓಡಬೇಕಾದ ದಿನ ಜೋರಾಗಿ ಓಡಿದವರು ಜೋರಾಗಿ ಓಡಬೇಕಾದ ದಿನ ದಣಿದಿರುತ್ತಾರೆ, ಹೀಗಾಗಿ ಎಲ್ಲ ದಿನಗಳೂ ಒಂದೇ ಮಧ್ಯಮ ವೇಗಕ್ಕೆ ಬಂದು ನಿಂತು, ಎರಡು ತಿಂಗಳ ಬಳಿಕ ಪ್ರಗತಿಯೂ ನಿಲ್ಲುತ್ತದೆ.

ನೀರು

ವಯಸ್ಕರಾದ ಮೇಲೆ ಈಜು ಕಲಿತವರಿಗೆ ಮೂರರಲ್ಲಿ ಅತ್ಯಂತ ನಿರಾಶೆ ತರುವುದು ಈಜು. ಓಟದಲ್ಲಿ ಶ್ರಮ ಹೆಚ್ಚಿದರೆ ವೇಗ ಹೆಚ್ಚುತ್ತದೆ, ನೀರಿನಲ್ಲಿ ಹಾಗಾಗುವುದಿಲ್ಲ. ತಲೆ ಎತ್ತಿದ ಕೂಡಲೇ ಸೊಂಟ, ಕಾಲು ಮುಳುಗುತ್ತವೆ, ಮುಳುಗಿದ ಕಾಲುಗಳನ್ನು ಎಳೆದುಕೊಂಡು ಹೋಗಲು ಇನ್ನಷ್ಟು ಬಲ ಹಾಕಬೇಕಾಗುತ್ತದೆ, ಆ ಬಲಕ್ಕೆ ಉಸಿರು ಸಾಲದೆ ತಲೆ ಮತ್ತೆ ಮೇಲೇಳುತ್ತದೆ. ಈ ಸುತ್ತನ್ನು ಮುರಿಯುವ ಜಾಗ ಉಸಿರು. ಮುಖ ನೀರಿನೊಳಗಿರುವಷ್ಟು ಹೊತ್ತೂ ಮೂಗು–ಬಾಯಿಂದ ಗುಳ್ಳೆಗಳನ್ನು ಬಿಡುತ್ತಲೇ ಇರಬೇಕು. ಉಸಿರು ಹಿಡಿದಿಟ್ಟುಕೊಂಡು ತಲೆ ಹೊರಳಿಸಿದಾಗ ಬಿಡುವುದು, ಎಳೆಯುವುದು ಎರಡನ್ನೂ ಮಾಡಲು ಹೋದರೆ ಸಮಯ ಸಾಲುವುದಿಲ್ಲ. ನೋಟ ಕೊಳದ ತಳದ ಕಡೆಗಿರಲಿ, ಉಸಿರಿಗಾಗಿ ಮೈಯೊಂದಿಗೆ ತಲೆ ಪಕ್ಕಕ್ಕೆ ಹೊರಳಲಿ, ಒಂದು ಕಣ್ಣು ನೀರಿನಲ್ಲೇ ಉಳಿಯಲಿ. ವಾರಕ್ಕೊಮ್ಮೆ ಒಂದು ಗಂಟೆ ಈಜುವುದಕ್ಕಿಂತ ಮೂರು ಸಲ ಅರ್ಧ ಗಂಟೆ ಈಜುವುದು ಒಳ್ಳೆಯದು, ಏಕೆಂದರೆ ಕಲಿಯಬೇಕಾಗಿರುವುದು ಕೌಶಲ. ಇದಕ್ಕೆ ತರಬೇತುದಾರರು ಬೇಕೇ ಬೇಕು: ತನ್ನ ಕಾಲು ಮುಳುಗುತ್ತಿರುವುದು ಈಜುವವರಿಗೆ ಕಾಣುವುದಿಲ್ಲ.

ಇಪ್ಪತ್ತೈದು ಮೀಟರ್ ಕೊಳದಲ್ಲಿ 1.9 ಕಿ.ಮೀ. ಎಂದರೆ 76 ಉದ್ದಗಳು. ಪ್ರತಿ ಉದ್ದದ ಕೊನೆಗೂ ಗೋಡೆ ಸಿಗುತ್ತದೆ, ಅದನ್ನು ಒದ್ದು ತಳ್ಳಿದಾಗ ಕೈಗಳಿಗೆ ಕ್ಷಣಮಾತ್ರ ಬಿಡುವೂ ಸಿಗುತ್ತದೆ. ಕಡಲಿನಲ್ಲಿ ಗೋಡೆಯಿಲ್ಲ, ತಳದ ಕಪ್ಪು ಗೆರೆಯಿಲ್ಲ, ಪಕ್ಕದವರ ಕೈ ನಿಮ್ಮ ಕನ್ನಡಕಕ್ಕೆ ತಗಲುತ್ತದೆ, ಬಾಯಿಗೆ ಉಪ್ಪುನೀರು ಬರುತ್ತದೆ. ಕೊಳದಲ್ಲಿ ಎರಡು ಕಿಲೋಮೀಟರ್ ಸಲೀಸಾಗಿ ಈಜುವವರೂ ಮೊದಲ ಸಲ ಕಡಲಿಗೆ ಇಳಿದಾಗ ಇನ್ನೂರು ಮೀಟರ್ ಕಳೆಯುವಷ್ಟರಲ್ಲಿ ಉಸಿರು ಕಟ್ಟಿದಂತಾಗಿ ಬೆದರುವುದು ತೀರ ಸಹಜ. ಆಗ ಮಾಡಬೇಕಾದದ್ದು ಇಷ್ಟೆ: ಅಂಗಾತ ತಿರುಗಿ ತೇಲಿ, ಉಸಿರನ್ನು ಉದ್ದವಾಗಿ ಹೊರಬಿಡಿ, ಬೇಕಾದರೆ ಕೈ ಎತ್ತಿ ಕಾವಲಿನ ಕಯಾಕ್‌ನವರನ್ನು (ಪುಟ್ಟ ದೋಣಿಯವರನ್ನು) ಕರೆದು ಅದನ್ನು ಹಿಡಿದುಕೊಳ್ಳಿ. ಕಯಾಕ್ ನಿಮ್ಮನ್ನು ಮುಂದಕ್ಕೆ ಎಳೆದುಕೊಂಡು ಹೋಗದಿದ್ದರೆ, ಅದನ್ನು ಹಿಡಿದು ಸುಧಾರಿಸಿಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ಎರಡು ನಿಮಿಷ ಹೋದರೂ ಮೇಲಿನ ಲೆಕ್ಕದಂತೆ ನಿಮ್ಮ ಬಳಿ ಇನ್ನೂ ಸಮಯ ಉಳಿದಿರುತ್ತದೆ.

ಈ ಹೆದರಿಕೆಯನ್ನು ಸ್ಪರ್ಧೆಯ ದಿನಕ್ಕೆ ಉಳಿಸಿಕೊಳ್ಳಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಬ್ಬರದಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುವಂತಿಲ್ಲ, ಮಂಗಳೂರು–ಉಡುಪಿ–ಕಾರವಾರದವರಿಗೂ ಇದು ಅನ್ವಯಿಸುತ್ತದೆ. ಅಕ್ಟೋಬರ್‌ನ ಸ್ಪರ್ಧೆಗೆ ಸಿದ್ಧರಾಗುವವರು ಬೇಸಿಗೆಯಲ್ಲೇ, ಅಂದರೆ ಏಪ್ರಿಲ್ ಅಥವಾ ಮೇ ಆರಂಭದಲ್ಲಿ, ಕಾವಲು ದೋಣಿ ಇರುವ ಆಯೋಜಿತ ಅಭ್ಯಾಸದಲ್ಲಿ ಒಮ್ಮೆ ಕಡಲಿಗೆ ಇಳಿದು ಬರಬೇಕು. ಸ್ಪರ್ಧೆಗೆ ಎರಡು ದಿನ ಮೊದಲೇ ಗೋವಾ ತಲುಪಿ ಆಯೋಜಕರು ಅನುಮತಿಸಿದ ವೇಳೆಯಲ್ಲಿ ಮತ್ತೊಮ್ಮೆ ಈಜಬೇಕು. ಬೆಂಗಳೂರಿನ ಕೆರೆಗಳೂ ಕಾವಲಿಲ್ಲದ ಜಲಾಶಯ, ಕಲ್ಲುಕ್ವಾರಿಗಳೂ ಇದಕ್ಕೆ ಬದಲಿಯಲ್ಲ. ಅಲ್ಲಿ ಒಬ್ಬರೇ ಇಳಿಯುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಕೊಳದಲ್ಲೇ ಮಾಡಬಹುದಾದ ತಯಾರಿ ಸಾಕಷ್ಟಿದೆ. ಪ್ರತಿ ಎಂಟು ಕೈಬೀಸಿಗೊಮ್ಮೆ ಕಣ್ಣಷ್ಟೇ ನೀರಿನಿಂದ ಮೇಲೆತ್ತಿ ಮುಂದೆ ನೋಡುವುದು, ಗೋಡೆ ಮುಟ್ಟದೆ ಮೊದಲೇ ತಿರುಗುವುದು, ಒಂದೇ ಲೇನಿನಲ್ಲಿ ಮೂವರು ಮೈತಾಗಿಸಿಕೊಂಡು ಈಜುವುದು ಇವೆಲ್ಲ ಕಡಲಿನ ಪಾಠಗಳೇ.

ಸೈಕಲ್ ಮತ್ತು ಅದರಿಂದಿಳಿದ ಮೇಲಿನ ಓಟ

ಬೆಂಗಳೂರಿನ ಸೈಕ್ಲಿಸ್ಟರಿಗೆ ನಂದಿಬೆಟ್ಟವೇ ಅಳತೆಗೋಲು. ಹೆಬ್ಬಾಳದ ಕಡೆಯಿಂದ ಹೋಗಿಬಂದರೆ ನೂರು ಕಿ.ಮೀ. ಆಸುಪಾಸು ಆಗುತ್ತದೆ, 1,478 ಮೀಟರ್ ಎತ್ತರದ ಬೆಟ್ಟದ ಬುಡದಿಂದ ಮೇಲಕ್ಕೆ ಏಳೆಂಟು ಕಿ.ಮೀ. ಏರು, ಕೊನೆಯ ತಿರುವುಗಳು ಹೆಚ್ಚು ಕಡಿದು. ಮೊದಲ ಸಲ ನಿಲ್ಲದೆ ಮೇಲೆ ತಲುಪಿದ ದಿನದ ಸಂತೋಷವನ್ನು ಯಾರೂ ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ನಂದಿಯನ್ನು ಪ್ರತಿ ಶನಿವಾರದ ಅಭ್ಯಾಸವನ್ನಾಗಿ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಮುಕ್ಕಾಲು ಗಂಟೆ ಹೃದಯ ಬಾಯಿಗೆ ಬರುವಂತೆ ತುಳಿದು, ಮೇಲೆ ಅರ್ಧ ಗಂಟೆ ಕಾಫಿ ಕುಡಿದು, ಇಳಿಜಾರಿನಲ್ಲಿ ಕಾಲು ಆಡಿಸದೆ ಬರುತ್ತೇವೆ. ಸ್ಪರ್ಧೆ ಕೇಳುವುದು ಮೂರೂವರೆ ಗಂಟೆ ಬಿಡದೆ, ಒಂದೇ ಹದದಲ್ಲಿ ತುಳಿಯುವುದನ್ನು. ತಿಂಗಳಿಗೊಂದು ನಂದಿ ಸಾಕು. ಉಳಿದ ಶನಿವಾರಗಳಲ್ಲಿ ಏರಿಳಿತ ಕಡಿಮೆಯಿರುವ ರಸ್ತೆಯನ್ನು ಆರಿಸಿಕೊಂಡು ನಿಲ್ಲದೆ ತುಳಿಯಿರಿ. ನಂದಿ ಇಳಿಯುವಾಗ ತಿರುವಿಗೆ ಮೊದಲೇ ಬ್ರೇಕ್ ಹಿಡಿದು ವೇಗ ತಗ್ಗಿಸಿ. ಸೂರ್ಯೋದಯ ನೋಡಲು ಬರುವ ಕಾರು, ಬೈಕುಗಳು ಎದುರಿಗೆ ರಸ್ತೆಯ ಯಾವ ಬದಿಯಲ್ಲಿ ಬರುತ್ತವೆಂದು ಹೇಳಲಾಗದು. ಮಬ್ಬು ಬೆಳಕಿನಲ್ಲಿ ಹೊರಡುವಾಗ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇಲ್ಲದೆ ಗೇಟು ದಾಟಬೇಡಿ, ಪಂಕ್ಚರ್ ಆದ ಟ್ಯೂಬನ್ನು ಸ್ವತಃ ಬದಲಾಯಿಸುವುದನ್ನು ಮನೆಯಲ್ಲೇ ಕಲಿತಿರಿ. ಮಳೆಗಾಲದ ಸಂಜೆಗಳಿಗೆ ಮನೆಯೊಳಗಿನ ಟ್ರೈನರ್, ಅಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯುವಂತೆ ಮಾಡುವ ಸಾಧನ, ಅನುಕೂಲ.

ಸ್ಪರ್ಧೆಯ ನಿಯಮಗಳನ್ನೂ ಅಭ್ಯಾಸದಲ್ಲೇ ರೂಢಿಸಿಕೊಳ್ಳಬೇಕು. ಹವ್ಯಾಸಿಗಳ ಅರ್ಧ ಐರನ್‌ಮ್ಯಾನ್‌ನಲ್ಲಿ ಮುಂದಿನವರ ಹಿಂದೆ ಗಾಳಿಯ ಮರೆಯಲ್ಲಿ ತುಳಿಯುವಂತಿಲ್ಲ, ಸುಮಾರು 12 ಮೀಟರ್ ಅಂತರ ಬಿಡಬೇಕು. ಗುಂಪಿನಲ್ಲೇ ಸವಾರಿ ಮಾಡಿ ಅಭ್ಯಾಸವಾದವರಿಗೆ ಒಬ್ಬರೇ ಗಾಳಿಗೆ ಎದೆಗೊಟ್ಟು ತುಳಿಯುವುದು ಎಷ್ಟು ಕಷ್ಟವೆಂಬುದು ಆ ದಿನವೇ ತಿಳಿಯಬಾರದು. ಟ್ರಾನ್ಸಿಷನ್ ಜಾಗದಲ್ಲಿ, ಅಂದರೆ ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವಲ್ಲಿ, ಸೈಕಲ್ಲಿಗೆ ಕೈಹಾಕುವ ಮೊದಲೇ ಹೆಲ್ಮೆಟ್‌ನ ಪಟ್ಟಿ ಬಿಗಿದಿರಬೇಕು. ಸೈಕಲ್ಲನ್ನು ಮತ್ತೆ ಸ್ಟ್ಯಾಂಡಿಗೆ ತೂಗುಹಾಕಿದ ಮೇಲೆಯೇ ಅದನ್ನು ಬಿಚ್ಚಬೇಕು. ಮನೆಯಂಗಳದಲ್ಲೋ ಪಾರ್ಕಿಂಗ್ ಜಾಗದಲ್ಲೋ ಒಂದು ಟವೆಲ್ ಹಾಸಿ, ಹೆಲ್ಮೆಟ್ಟನ್ನು ಹ್ಯಾಂಡಲ್ ಮೇಲೆ ಅಂಗಾತ ಇಟ್ಟು, ಅದರೊಳಗೆ ಕನ್ನಡಕ, ಪಕ್ಕದಲ್ಲಿ ಕಾಲುಚೀಲ ತುರುಕಿದ ಬೂಟು, ನಂಬರಿನ ಬೆಲ್ಟ್ ಜೋಡಿಸಿ, ಒದ್ದೆ ಮೈಯಲ್ಲಿ ಬಂದು ಒಂದೊಂದನ್ನೇ ಅದೇ ಅನುಕ್ರಮದಲ್ಲಿ ಧರಿಸುವುದನ್ನು ಹಲವು ಸಲ ಮಾಡಿ ನೋಡಿ. ಒದ್ದೆ ಪಾದಕ್ಕೆ ಕಾಲುಚೀಲ ಏರಿಸುವುದು ಎಷ್ಟು ಹೊತ್ತು ಹಿಡಿಯುತ್ತದೆಂದು ಆಗ ಅರಿವಿಗೆ ಬರುತ್ತದೆ.

ಸೈಕಲ್ ಇಳಿದ ಕೂಡಲೇ ಓಡುವ ಅಭ್ಯಾಸಕ್ಕೆ ಬ್ರಿಕ್ ಎನ್ನುತ್ತಾರೆ. ಮೊದಲ ಹತ್ತು ಹದಿನೈದು ನಿಮಿಷ ತೊಡೆಗಳು ಮರದ ಕೊರಡಿನಂತಿರುತ್ತವೆ, ಆದರೂ ಗಡಿಯಾರ ನೋಡಿದರೆ ನಿಮ್ಮ ಎಂದಿನ ವೇಗಕ್ಕಿಂತ ಜೋರಾಗಿ ಓಡುತ್ತಿರುತ್ತೀರಿ, ಏಕೆಂದರೆ ಸೈಕಲ್ಲಿನ ವೇಗಕ್ಕೆ ಒಗ್ಗಿದ ಕಣ್ಣಿಗೆ ಓಟ ನಿಧಾನವೆನಿಸುತ್ತದೆ. ಮೊದಲ ಎರಡು ಕಿಲೋಮೀಟರನ್ನು ಬೇಕೆಂದೇ ನಿಧಾನಿಸುವುದೇ ಈ ಅಭ್ಯಾಸದ ಉದ್ದೇಶ. ಹತ್ತು ದಿನಕ್ಕೊಮ್ಮೆ ಉದ್ದ ಸೈಕ್ಲಿಂಗ್ ಆದ ಮೇಲೆ 15ರಿಂದ 30 ನಿಮಿಷದ ಓಟ ಸಾಕು. ಪ್ರತಿ ವಾರ 90 ಕಿ.ಮೀ. ತುಳಿದು ಹದಿನೈದು ಕಿ.ಮೀ. ಓಡುವ ಸಾಹಸ ಬೇಡ.

ಉಣ್ಣುವುದು, ಕುಡಿಯುವುದು

ಏಳು ಗಂಟೆಯ ಸ್ಪರ್ಧೆಯಲ್ಲಿ ಹೊಟ್ಟೆಯೂ ತರಬೇತಿ ಪಡೆದಿರಬೇಕು. ಸೈಕಲ್ ಮೇಲಿರುವಾಗ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಸಾಧಾರಣ ಗುರಿ. ಒಂದು ಮಧ್ಯಮ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಏಲಕ್ಕಿ ಬಾಳೆಯಲ್ಲಿ ಹೆಚ್ಚುಕಡಿಮೆ ಅದರ ಅರ್ಧ, ಅಂಗಡಿಯ ಒಂದು ಜೆಲ್‌ನಲ್ಲಿ 20ರಿಂದ 25 ಗ್ರಾಂ. ಖರ್ಜೂರ, ಬೆಲ್ಲ–ನಿಂಬೆಯ ಪಾನಕ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ ಇವೂ ಆಗುತ್ತವೆ. ಶೇಂಗಾ ಚಿಕ್ಕಿಯಲ್ಲಿ ಎಣ್ಣೆಯಂಶ ಹೆಚ್ಚಾದ್ದರಿಂದ ಬಿಸಿಲಿನಲ್ಲಿ ಅದು ಹೊಟ್ಟೆಗೆ ಭಾರ. ಹಿಂದಿನ ದಿನ ರಾಗಿಮುದ್ದೆ, ಸೊಪ್ಪು, ಕಾಳುಗಳಂಥ ನಾರು ಹೆಚ್ಚಿರುವ ಊಟಕ್ಕೆ ಬಿಡುವು ಕೊಟ್ಟು ಅನ್ನ, ಇಡ್ಲಿ, ಮೊಸರು ಸಾಕೆಂದುಕೊಳ್ಳಿ. ಯಾವ ಪದಾರ್ಥವನ್ನಾದರೂ ಉದ್ದ ಅಭ್ಯಾಸಗಳಲ್ಲಿ ಹಲವು ಸಲ ತಿಂದು ನೋಡಿದ ಮೇಲೆಯೇ ಸ್ಪರ್ಧೆಗೆ ಒಯ್ಯಿರಿ.

ನೀರಿನ ಲೆಕ್ಕವನ್ನು ಮನೆಯ ತೂಕದ ಯಂತ್ರದಿಂದಲೇ ಕಂಡುಕೊಳ್ಳಬಹುದು. ಒಂದು ಗಂಟೆ ಓಡುವ ಮೊದಲು ತೂಕ 62.4 ಕೆ.ಜಿ. ಇದ್ದು, ಮುಗಿಸಿ ಬೆವರು ಒರೆಸಿಕೊಂಡು ನಿಂತಾಗ 61.5 ಇದ್ದರೆ, ನಡುವೆ 300 ಮಿ.ಲೀ. ಕುಡಿದಿದ್ದರೆ, ಬೆವರು ಗಂಟೆಗೆ 1.2 ಲೀಟರ್ ಎಂದಾಯಿತು. ಬೆಂಗಳೂರಿನ ಬೆಳಗಿನಲ್ಲಿ ಬಂದ ಈ ಅಂಕಿ ಗೋವಾದ ಉಸಿರುಗಟ್ಟಿಸುವ ಸೆಕೆಯಲ್ಲಿ ಇನ್ನೂ ಏರುತ್ತದೆ. ಸೆಕೆಯ ಊರಿನವರಿಗೆ ಇರುವ ಒಗ್ಗುವಿಕೆ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನವರಿಗೆ ಇರುವುದಿಲ್ಲ. ದೇಹ ಶಾಖಕ್ಕೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕಾಗುವುದರಿಂದ ಸ್ಪರ್ಧೆಗೆ ಮೂರು ವಾರ ಇರುವಾಗ ಕೆಲವು ಚಿಕ್ಕ, ನಿರಾಯಾಸ ಅಭ್ಯಾಸಗಳನ್ನು ಬಿಸಿಲು ಏರಿದ ಮೇಲೆ ಅಥವಾ ಫ್ಯಾನ್ ಹಾಕದ ಕೋಣೆಯ ಟ್ರೈನರ್ ಮೇಲೆ, ಜೊತೆಗೆ ಯಾರಾದರೂ ಇರುವಾಗ ಮಾಡಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಅಪಾಯ: ರಕ್ತದ ಸೋಡಿಯಂ ಕುಸಿದು ತಲೆನೋವು, ವಾಕರಿಕೆ, ಗೊಂದಲ ಕಾಣಿಸಿಕೊಳ್ಳುತ್ತವೆ. ಉಪ್ಪು ಸೇರಿದ ಪಾನೀಯ ಇರಲಿ, ಬಾಯಾರಿಕೆಯ ಮಾತನ್ನು ಕೇಳಿ.

ಕುಗ್ಗಿದ ವಾರಗಳು

ಕುಗ್ಗುವಿಕೆ ಒಂದೇ ಬಗೆಯದಲ್ಲ, ಎಲ್ಲಕ್ಕೂ ಒಂದೇ ಮದ್ದೂ ಇಲ್ಲ. ಎಂಟು ಹತ್ತನೆಯ ವಾರದ ಹೊತ್ತಿಗೆ ಆರಂಭದ ಹೊಸತನ ಕಳೆದು ಸ್ಪರ್ಧೆ ಇನ್ನೂ ದೂರವಿರುವಾಗ ಬರುವ ಬೇಸರ ಮಾಮೂಲು. ಹತ್ತು ನಿಮಿಷ ಮಾತ್ರ ಎಂದುಕೊಂಡು ಹೊರಟರೆ ಬಹುಪಾಲು ಸಲ ಅಭ್ಯಾಸ ಪೂರ್ತಿಯಾಗುತ್ತದೆ. ಹತ್ತು ನಿಮಿಷದ ಬಳಿಕವೂ ಮೈ ಒಪ್ಪದಿದ್ದರೆ ಅದು ಬೇಸರವಲ್ಲ, ದಣಿವು, ಮನೆಗೆ ಹಿಂದಿರುಗಿ. ಬೆಳಿಗ್ಗೆ ಎದ್ದ ಕೂಡಲೇ ಎಣಿಸಿದ ನಾಡಿಬಡಿತ ಎರಡು ಮೂರು ದಿನ ಎಂದಿನದಕ್ಕಿಂತ ಐದರಿಂದ ಹತ್ತು ಹೆಚ್ಚಿದ್ದು, ನಿದ್ದೆ ಕೆಟ್ಟು, ಸಣ್ಣ ಮಾತಿಗೂ ಸಿಡುಕು ಬರುತ್ತಿದ್ದರೆ ಎರಡು ದಿನ ಪೂರ್ಣ ವಿಶ್ರಾಂತಿ, ಬಳಿಕ ಒಂದು ವಾರ ಅರ್ಧ ಪ್ರಮಾಣ. ಹೆಂಗಸರಲ್ಲಿ ಮುಟ್ಟು ತಪ್ಪುವುದು ಒಳ್ಳೆಯ ತರಬೇತಿಯ ಗುರುತು ಎಂದು ಹೇಳುವವರ ಮಾತನ್ನು ನಂಬಬೇಡಿ. ಅದು ದೇಹದ ಶಕ್ತಿಯ ಖರ್ಚಿಗೆ ತಕ್ಕ ಆಹಾರ ಸಿಗುತ್ತಿಲ್ಲವೆಂಬ ಎಚ್ಚರಿಕೆ, ಮೂಳೆಗಳು ಸವೆಯುವ ದಾರಿ, ವೈದ್ಯರನ್ನು ಕಾಣಲೇಬೇಕು.

ನೋವಿನಲ್ಲೂ ಭೇದವಿದೆ. ಎರಡೂ ತೊಡೆಗಳಲ್ಲಿ ಹರಡಿಕೊಂಡಿರುವ, ಎರಡು ದಿನಕ್ಕೆ ಇಳಿಯುವ ನೋವಿಗೆ ಅಂಜಬೇಕಿಲ್ಲ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಒಂದೇ ಬೆರಳಿನಿಂದ ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ ಒತ್ತಿದರೆ ನೋವು, ರಾತ್ರಿ ಮಲಗಿದಾಗಲೂ ಸೆಳೆತ, ಓಡಿದಷ್ಟೂ ಹೆಚ್ಚುವ ನೋವು ಇದ್ದರೆ ಅದು ಮೂಳೆಯ ಬಿರುಕು, ಅಂದರೆ ಸ್ಟ್ರೆಸ್ ಫ್ರಾಕ್ಚರ್ ಆಗಿರಬಹುದು. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು, ಆದ್ದರಿಂದ ಎಕ್ಸ್‌ರೇ ಸರಿಯಿದೆಯೆಂದು ಓಟ ಮುಂದುವರಿಸಬೇಡಿ. ಕುಂಟುವಂತೆ ಮಾಡುವ ಯಾವ ನೋವಿನೊಂದಿಗೂ ಓಡಬಾರದು. ಈ ಕ್ರೀಡೆಯ ಒಂದು ಅನುಕೂಲವೆಂದರೆ ಕಾಲು ನಿಂತರೂ, ವೈದ್ಯರು ಒಪ್ಪಿದರೆ, ಈಜು ನಿಲ್ಲಬೇಕಾಗಿಲ್ಲ. ಆರು ವಾರ ಓಟವಿಲ್ಲದೆ ಈಜನ್ನು ತಿದ್ದಿಕೊಂಡು ಸ್ಪರ್ಧೆ ಮುಗಿಸಿದವರಿದ್ದಾರೆ. ನೋವು ನಿವಾರಕ ಮಾತ್ರೆ ನುಂಗಿ ಉದ್ದ ಅಭ್ಯಾಸಕ್ಕೋ ಸ್ಪರ್ಧೆಗೋ ಇಳಿಯುವುದು ನೀರು ಬತ್ತಿದ ಮೈಯಲ್ಲಿ ಮೂತ್ರಪಿಂಡಕ್ಕೆ ಅಪಾಯ.

1982ರ ಹವಾಯಿ ಐರನ್‌ಮ್ಯಾನ್‌ನಲ್ಲಿ ಹೆಂಗಸರ ಪೈಕಿ ಮುಂದಿದ್ದ ಜೂಲಿ ಮಾಸ್ ಎಂಬ ಯುವತಿ ಗುರಿಗೆ ಸ್ವಲ್ಪವೇ ದೂರವಿರುವಾಗ ಕುಸಿದು, ತೆವಳಿಕೊಂಡು ಗೆರೆ ದಾಟಿ ಎರಡನೆಯವಳಾದಳು. ಆ ದೃಶ್ಯ ಟಿವಿಯಲ್ಲಿ ಪ್ರಸಾರವಾದ ಮೇಲೆಯೇ ಟ್ರಯಥ್ಲಾನ್ ಜಗತ್ತಿಗೆ ಪರಿಚಿತವಾಯಿತು. ಅವಳ ಛಲಕ್ಕೆ ನನಗೆ ಅಪಾರ ಗೌರವವಿದೆ. ಆದರೆ ಅದನ್ನು ಮಂಗಳವಾರದ ಅಭ್ಯಾಸಕ್ಕೆ ಮಾದರಿಯಾಗಿ ತೆಗೆದುಕೊಳ್ಳುವುದು ಸರಿಯಲ್ಲ. ಜ್ವರವಿದ್ದಾಗ, ಎದೆಯಲ್ಲಿ ಕಫ ಕಟ್ಟಿದಾಗ, ಮೈಕೈ ನೋವಿದ್ದಾಗ ಅಭ್ಯಾಸ ಪೂರ್ತಿ ನಿಲ್ಲಬೇಕು, ಏಕೆಂದರೆ ವೈರಸ್ ಸೋಂಕಿನ ನಡುವೆ ಶ್ರಮಪಟ್ಟರೆ ಹೃದಯದ ಸ್ನಾಯುವಿಗೂ ಉರಿಯೂತ ತಗಲಬಹುದು. ನಮ್ಮಲ್ಲಿ ಸಿದ್ಧತೆಯ ಮುಖ್ಯ ತಿಂಗಳುಗಳೇ ಡೆಂಗಿಯ ತಿಂಗಳುಗಳೂ ಆಗಿವೆ. ಡೆಂಗಿಯಿಂದ ಗುಣವಾದವರು ವೈದ್ಯರು ಒಪ್ಪಿದ ಬಳಿಕ ನಡಿಗೆಯಿಂದ ಆರಂಭಿಸಿ ವಾರಗಳ ಮೇಲೆ ಓಟಕ್ಕೆ ಬರಬೇಕು. ತಪ್ಪಿದ ಅಭ್ಯಾಸವನ್ನು ಮುಂದಿನ ವಾರಕ್ಕೆ ತುರುಕಿ ‘ಬಾಕಿ ತೀರಿಸುವ’ ಪ್ರಯತ್ನ ಎಂದಿಗೂ ಬೇಡ.

ಗಣೇಶನ ಹಬ್ಬ, ದಸರಾ, ನೆಂಟರ ಮನೆಯ ಮದುವೆ, ಕಚೇರಿಯ ಗಡುವು ಎಲ್ಲವೂ ಇದೇ ಅವಧಿಯಲ್ಲಿ ಬರುತ್ತವೆ. ಆರಂಭದಲ್ಲೇ ಕ್ಯಾಲೆಂಡರ್ ಮುಂದಿಟ್ಟುಕೊಂಡು ಮನೆಯವರೊಂದಿಗೆ ಕುಳಿತು ಇಳಿಕೆಯ ವಾರಗಳನ್ನು ಆ ದಿನಗಳಿಗೇ ಹೊಂದಿಸಿಕೊಳ್ಳಿ. ಶನಿವಾರದ ಬೆಳಗು ನಿಮ್ಮದಾದರೆ ಆ ದಿನದ ಸಂಜೆ ಪೂರ್ತಿ ಮನೆಯದು ಎಂಬ ಒಪ್ಪಂದವನ್ನು ನೀವು ದಣಿದಿದ್ದರೂ ಪಾಲಿಸಬೇಕು. ಬೆಳಿಗ್ಗೆ ನಾಲ್ಕೂವರೆಗೆ ಏಳುವವರಿಗೆ ರಾತ್ರಿ ಒಂಬತ್ತೂವರೆಗೆ ದೀಪ ಆರಬೇಕಾದರೆ ಮನೆಯ ಉಳಿದವರ ಊಟದ ಹೊತ್ತೂ ಬದಲಾಗುತ್ತದೆ. ಆ ಶ್ರಮ ಅವರದು ಎಂಬುದನ್ನು ಗುರುತಿಸಿ ಬಾಯಿಬಿಟ್ಟು ಹೇಳುವುದು ಈ ಸಿದ್ಧತೆಯ ಭಾಗವೇ.

ಕೊನೆಯ ಎರಡು ವಾರ ಮತ್ತು ಆ ಮೇಲೆ

ಕೊನೆಯ ಎರಡು ವಾರ ಪ್ರಮಾಣವನ್ನು ಇಳಿಸುತ್ತಾ ಕೊನೆಯ ವಾರ ಅರ್ಧಕ್ಕೆ ತರಬೇಕು, ಆದರೆ ಮಧ್ಯೆ ಮಧ್ಯೆ ಎರಡೆರಡು ನಿಮಿಷದ ಜೋರಿನ ತುಣುಕುಗಳು ಉಳಿಯಲಿ. ವಿಚಿತ್ರವೆಂದರೆ ಈ ವಿಶ್ರಾಂತಿಯ ದಿನಗಳಲ್ಲೇ ಕಾಲು ಭಾರವೆನಿಸುತ್ತದೆ, ಇಲ್ಲದ ಜಾಗದಲ್ಲಿ ನೋವು ಕಾಣಿಸುತ್ತದೆ, ‘ಎಲ್ಲ ಕಳೆದುಕೊಂಡೆ’ ಎಂಬ ಆತಂಕವಾಗುತ್ತದೆ. ಇದು ಬಹುತೇಕ ಎಲ್ಲರಿಗೂ ಆಗುವಂಥದ್ದು, ಇದನ್ನು ಪರೀಕ್ಷಿಸಲು ಹದಿನೆಂಟು ಕಿ.ಮೀ. ಓಡಿ ನೋಡಬೇಡಿ. ಎರಡು ವಾರದಲ್ಲಿ ಸಾಮರ್ಥ್ಯ ಹೋಗುವುದಿಲ್ಲ.

ಸ್ಪರ್ಧೆ ಮುಗಿದ ವಾರ ಸಂತೋಷದ ಹಿಂದೆಯೇ ಒಂದು ಖಾಲಿತನ ಬರುತ್ತದೆ. ಆರು ತಿಂಗಳು ದಿನವನ್ನು ಆಳಿದ ವೇಳಾಪಟ್ಟಿ ಒಮ್ಮೆಲೇ ಇಲ್ಲವಾಗಿರುತ್ತದೆ. ನಡುವೆ ನಿಲ್ಲಬೇಕಾಗಿ ಬಂದವರಿಗಂತೂ ಅದು ಇನ್ನೂ ತೀವ್ರ. ಅವರು ಎರಡು ಮೂರು ದಿನ ಕಳೆದ ಮೇಲೆ ನಿಂತದ್ದು ಎಲ್ಲಿ, ಅದಕ್ಕೆ ಹಿಂದಿನ ಒಂದು ಗಂಟೆಯಲ್ಲಿ ತಿಂದದ್ದೇನು, ಕುಡಿದದ್ದೆಷ್ಟು, ಸೈಕಲ್ಲಿನ ಮೊದಲ 30 ಕಿ.ಮೀ. ಯಾವ ವೇಗದಲ್ಲಿ ಹೋಯಿತು ಎಂದು ಬರೆದಿಟ್ಟುಕೊಂಡರೆ ಕಾರಣ ಹೆಚ್ಚಿನ ಸಲ ಅಲ್ಲೇ ಸಿಗುತ್ತದೆ. ಮೊದಲ ವಾರ ನಡಿಗೆ, ಎರಡನೆಯ ವಾರ ಮನಸ್ಸಾದರೆ ಈಜು ಮತ್ತು ಸಲೀಸು ಸೈಕ್ಲಿಂಗ್, ಓಟಕ್ಕೆ ಮೂರನೆಯ ವಾರ. ಉಪ್ಪು ಹಿಡಿದ ಸೈಕಲ್ಲನ್ನು ಊರಿಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಚೈನಿಗೆ ಎಣ್ಣೆ ಹಾಕಿ, ಸರ್ವಿಸ್‌ಗೆ ಕೊಡಿ. ಮುಗಿಸಿದ ಸಂಭ್ರಮದಲ್ಲೋ ಮುಗಿಸಲಾಗದ ಸಂಕಟದಲ್ಲೋ ಅದೇ ರಾತ್ರಿ ಮುಂದಿನ ಸ್ಪರ್ಧೆಗೆ ಹಣ ಕಟ್ಟಬೇಡಿ. ನಾಲ್ಕು ವಾರ ಕಳೆಯಲಿ, ಬೆಳಗಿನ ನಾಡಿಬಡಿತ, ನಿದ್ದೆ ಎಂದಿನಂತಾಗಲಿ, ಮನೆಯವರೊಂದಿಗೆ ಮತ್ತೊಮ್ಮೆ ಕ್ಯಾಲೆಂಡರ್ ನೋಡಿ, ಬಳಿಕ ನಿರ್ಧರಿಸಿ.